ಕೆನ್ನೆಯಲ್ಲಿ ನಿಂತ ರೊಟ್ಟಿ

“ಕೈ ಮುಗಿಯದವಳಿಗೆ ಸಂತ ಯಾಕೆ? ಬಾಯಿಬಿಟ್ಟು ಹೇಳು, ಯಾಕೆ?”

“ನಿನ್ನಪ್ಪನ ಗಂಟು ಕೇಳ್ದಂಗೆ ಆಡ್ತೀಯಲ್ಲೋ ಚೌರ!”

“ನಮ್ಮಿಬ್ಬರಿಗೂ ಅಪ್ಪ ಒಬ್ಬನೇ, ಬಯ್ಯೋವಾಗ ಸ್ವಲ್ಪ ನೋಡ್ಕೊಂಡು ಬಯ್ಯಿ.”

“ಅಮ್ಮನೂ ಒಬ್ಬಳೇ. ಅಮ್ಮನ ವಸ್ತು ಕೇಳ್ತಿದೀನಿ ನಾನು.”

“ವಸ್ತುವಂತೆ! ಕೇಳಿಸ್ಕೊಂಡ್ಯೇನೇ ಫಿಲೋಮಿ? ಅಂತೋನಿಯಪ್ಪ ಇವಳಿಗೆ ವಸ್ತು. ನಾಳೆ ಒಲೆಗೆ ಇಟ್ರೂ ಇಟ್ಲು.”

“ನಿನ್ನ ನಾಲಿಗೆ ಇಡಬೇಕು ಒಲೆಗೆ!” ಎಂದು ನನ್ನ ಅಕ್ಕ ರೆಜಿನಮ್ಮ ಎದ್ದು ಹೋದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಫಿಲೋಮಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಳು. ಅವಳು ನನ್ನ ಪಕ್ಷದಲ್ಲಿಲ್ಲ ಎಂದು ತಿಳಿಸುವುದು ಹಾಗೆ.

ಜಗಳಕ್ಕೆ ಕಾರಣವಾದ ಸಂತ ಮಾತ್ರ ಗೋಡೆಯ ಹಲಗೆಯ ಮೇಲೆ ತಣ್ಣಗೆ ನಿಂತಿದ್ದ. ಒಂದು ಮೊಳ ಎತ್ತರದ ಮರದ ಅಂತೋನಿಯಪ್ಪ, ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ. ಅಮ್ಮ ದಿನಾ ಸೆರಗಿನಿಂದ ಮುಖ ಒರೆಸಿ ಒರೆಸಿ ಮೂಗು ಸವೆದಿತ್ತು. ಅವನ ತೋಳಿನ ಮೇಲೆ ಕೂತ ಬಾಲಯೇಸುವನ್ನು ಬೇಕಾದರೆ ಬಿಡಿಸಿ ತೆಗೆಯಬಹುದು. ಕೇಳಿಕೊಂಡದ್ದು ನಡೆಯದೆ ಹೋದರೆ ಅಮ್ಮ ಮಗುವನ್ನು ತೆಗೆದು ರಾಗಿ ಡಬ್ಬದಲ್ಲಿ ಇಟ್ಟುಬಿಡುತ್ತಿದ್ದಳು. “ಮೊದಲು ನನ್ನ ಕೆಲಸ ಮಾಡಿಕೊಡು, ಆಮೇಲೆ ನಿನ್ನ ಕೂಸು ತಗೋ” ಎನ್ನುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಸಂತನನ್ನು ಈಗ ಅಕ್ಕ ಕೇಳಿದ್ದಳು. ಅಕ್ಕ ಮದುವೆಯಾಗಿದ್ದು ಕೆಳಗಿನ ಸಭೆಯ, ಅಂದರೆ ಪ್ರಾಟೆಸ್ಟಂಟರ, ಜೀವರತ್ನ ಭಾವನನ್ನು. ಅಲ್ಲಿಂದ ಅವಳೂ ಕೆಳಗಿನ ಸಭೆಯವಳೇ. ಅವರ ಮನೆಗಳಲ್ಲಿ ಸಂತರಿಲ್ಲ, ಮೂರ್ತಿಗಳಿಲ್ಲ, ಗೋಡೆಗೆ ಒಂದು ಬೈಬಲ್ ವಾಕ್ಯದ ಹಾಳೆ ಮಾತ್ರ. ಅಂಥ ಮನೆಗೆ ಅಂತೋನಿಯಪ್ಪ ಯಾಕೆ ಎಂದು ನಾನು ಕೇಳಿದ್ದರಲ್ಲಿ ಏನು ತಪ್ಪು? ಕೇಳಿದ ದಿನ ಮಾತ್ರ ತಪ್ಪಾಗಿತ್ತು. ಅವತ್ತು ಶನಿವಾರ.

ನಮ್ಮ ಊರಿನಲ್ಲಿ ಶನಿವಾರ ಯಾರೂ ಜಗಳ ತೆಗೆಯುವುದಿಲ್ಲ. ಯಾರ ಮೇಲಾದರೂ ಮುನಿಸು ಇಟ್ಟುಕೊಂಡು ಭಾನುವಾರ ಆರಾಧನೆಯಲ್ಲಿ ಕೊಡುವ ದೇವರ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡರೆ ಅದು ಇಳಿಯುವುದಿಲ್ಲ. ಮೇಲಿನ ಗುಡಿಯ ಕಥೋಲಿಕರಾದ ನಮ್ಮ ಸತ್ಪ್ರಸಾದವೂ ಅಷ್ಟೆ, ಕೆಳಗಿನ ಸಭೆಯ ಅವರ ರೊಟ್ಟಿಯೂ ಅಷ್ಟೆ. ನೀರು ಇಳಿಯುತ್ತದೆ, ಗಂಜಿ ಇಳಿಯುತ್ತದೆ, ಕೋಳಿಸಾರೂ ಇಳಿಯುತ್ತದೆ. ಆ ತುತ್ತೊಂದು ಮಾತ್ರ ಕೆನ್ನೆಯ ಮೂಲೆಯಲ್ಲಿ ಕೂತುಬಿಡುತ್ತದೆ. ದಿನ ಕಳೆದಂತೆ ಊದಿ ನಿಂಬೆಹಣ್ಣಿನಷ್ಟಾಗುತ್ತದೆ. ಮುನಿಸು ತೀರಿದ ಗಳಿಗೆ ಕರಗಿ ಹೋಗುತ್ತದೆ.

ಹೀಗಾಗಿ ಸೋಮವಾರ ಬೆಳಿಗ್ಗೆ ನಮ್ಮವರು ಒಬ್ಬರನ್ನೊಬ್ಬರು ನೋಡುವುದು ಕಣ್ಣಲ್ಲಲ್ಲ, ಕೆನ್ನೆಯಲ್ಲಿ. ಕ್ಷೌರದಂಗಡಿಯವನು ಊದಿದ ಕೆನ್ನೆಗೆ ಕತ್ತಿ ಹಾಕುವುದಿಲ್ಲ, “ಮೊದಲು ಇಳಿಸಿಕೊಂಡು ಬನ್ನಿ” ಎನ್ನುತ್ತಾನೆ. ಹೆಣ್ಣು ನೋಡಲು ಬರುವವರು ಬೇಕೆಂದೇ ಸೋಮವಾರ ಬರುತ್ತಾರೆ, ಮನೆಯಲ್ಲಿ ಯಾರ ಕೆನ್ನೆ ಹೇಗಿದೆ ಎಂದು ಕಾಣುತ್ತದಲ್ಲ. ಹಾಗಾದರೆ ಜಗಳವಿದ್ದವರು ರೊಟ್ಟಿ ತೆಗೆದುಕೊಳ್ಳದೆ ಕೂತರಾಯಿತು ಎನ್ನಬಹುದು. ಕೂರಬಹುದು. ಆದರೆ ಎಲ್ಲರೂ ಎದ್ದು ಸಾಲಿನಲ್ಲಿ ಹೋಗುವಾಗ ಬೆಂಚಿನ ಮೇಲೆ ಒಬ್ಬರೇ ಕೂರುವುದು ಕೆನ್ನೆ ಊದಿಸಿಕೊಳ್ಳುವುದಕ್ಕಿಂತ ಕಷ್ಟ.

ರಾಜಿ ಮಾಡಿಕೊಳ್ಳುವ ರೀತಿ ಮಾತ್ರ ಎರಡು ಕಡೆ ಬೇರೆ ಬೇರೆ. ಮೇಲಿನ ಗುಡಿಯವರಾದ ನಾವು ನೇರವಾಗಿ ಹೋಗುವುದಿಲ್ಲ, ಮಧ್ಯಸ್ಥನನ್ನು ಕಳಿಸುತ್ತೇವೆ. ನಮ್ಮ ಮಧ್ಯಸ್ಥ ಸಂತ್ಯಾಗಪ್ಪ. ಆ ಮನೆಯಲ್ಲೊಂದು ಲೋಟ ಕಾಫಿ, ಈ ಮನೆಯಲ್ಲೊಂದು ಲೋಟ ಕಾಫಿ, ಶನಿವಾರವೆಲ್ಲ ಅವನು ಊಟವನ್ನೇ ಮಾಡುವುದಿಲ್ಲ. ನಾವು “ಆ ಕತ್ತೆಗೆ ಹೇಳು” ಎಂದು ಕಳಿಸಿದ್ದು ಆ ಮನೆ ತಲುಪುವ ಹೊತ್ತಿಗೆ “ಅಣ್ಣ ನಿಮ್ಮನ್ನ ಬಾಳ ನೆನೆಸ್ಕೊಂಡ್ರು” ಎಂದಾಗಿರುತ್ತದೆ. ನಮ್ಮ ಪ್ರಾರ್ಥನೆಗಳನ್ನೂ ಸಂತರು ಹೀಗೇ ತಿದ್ದಿ ಮೇಲಕ್ಕೆ ಕಳಿಸುತ್ತಾರೆ ಎಂದು ನಾನು ನಂಬಿದ್ದೇನೆ. ನಾನು ಮಾಡುವ ಪ್ರಾರ್ಥನೆಯನ್ನು ಹಾಗೆಹಾಗೇ ದೇವರ ಮುಂದೆ ಇಟ್ಟರೆ ನನ್ನ ಗತಿ ಏನು?

ಕೆಳಗಿನ ಸಭೆಯವರು ಇದಕ್ಕೆ ನಗುತ್ತಾರೆ. ಅವರಿಗೆ ನಡುವೆ ಯಾರೂ ಬೇಡ. ದೇವರ ಹತ್ತಿರವೂ ನೇರ, ಮನುಷ್ಯರ ಹತ್ತಿರವೂ ನೇರ. ಅದಕ್ಕೇ ಶನಿವಾರ ಸಂಜೆ ಅವರ ಬೀದಿಯಲ್ಲಿ ಅಷ್ಟು ಗದ್ದಲ. ಒಂದು ಜಗಳಕ್ಕೆ ಕ್ಷಮೆ ಕೇಳಲು ಹೋದವರು ಇನ್ನೊಂದನ್ನು ಹೊತ್ತುಕೊಂಡು ಬರುತ್ತಾರೆ.

ನಾನು ಭಾನುವಾರ ಎಂದಿನಂತೆ ಸಾಲಿನಲ್ಲಿ ಹೋಗಿ ನಿಂತೆ. ನನ್ನ ಲೆಕ್ಕದಲ್ಲಿ ಅದು ಜಗಳವೇ ಅಲ್ಲ, ಅಕ್ಕನಿಗೆ ಬುದ್ಧಿ ಹೇಳಿದ್ದು. ಫಾದರ್ ನಾಲಿಗೆಯ ಮೇಲೆ ಸತ್ಪ್ರಸಾದವನ್ನಿಟ್ಟರು. “ಆಮೆನ್” ಎಂದು ಬಾಯಿ ಮುಚ್ಚಿದೆ. ಬೆಂಚಿಗೆ ಬಂದು ಮಂಡಿಯೂರುವ ಹೊತ್ತಿಗೆ ತಿಳಿಯಿತು. ಅಷ್ಟು ತೆಳ್ಳಗಿನದು, ಎಷ್ಟು ನುಂಗಿದರೂ ಹೋಗದೆ ಬಲಗೆನ್ನೆಗೆ ಸರಿದು ಮಡಚಿಕೊಂಡು ಕೂತಿತು. ಪಕ್ಕದಲ್ಲಿ ಫಿಲೋಮಿ ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಬುದ್ಧಿ ಹೇಳಿದ್ದು ಇಳೀತಾ?”

ಇದು ಬೇರೆ ಯಾರಿಗಾದರೂ ಆಗಿದ್ದರೆ ನಡೆದುಹೋಗುತ್ತಿತ್ತು. ನಾನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ನನ್ನ ಬಂಡವಾಳವೆಲ್ಲ ಈ ಗಂಟಲು. ನಾನು ಬದನೆಕಾಯಿ ಎಂದು ಕೂಗಿದರೆ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಹಸಿವಾಗುತ್ತಿತ್ತು. ಆ ಸೋಮವಾರ ಬಾಯಿಂದ ಹೊರಟದ್ದು ಶಬ್ದವೋ ಉಗುಳೋ ನನಗೇ ತಿಳಿಯಲಿಲ್ಲ. ಹುರುಳಿಕಾಯಿ ಎಂದದ್ದು ಗುಂಪಿಗೆ ಹೀರೇಕಾಯಿ ಎಂದು ಕೇಳಿ, ಇಬ್ಬರು ವ್ಯಾಪಾರಿಗಳು ಒಂದೇ ಮೂಟೆಯನ್ನು ಎರಡು ಕಡೆಯಿಂದ ಎಳೆದರು. ಮಂಡಿ ಯಜಮಾನ ಬಂದು ನನ್ನ ಕೆನ್ನೆ ನೋಡಿದ.

“ಯಾರ ಜೊತೆ ಚೌರಪ್ಪ?”

“ಅಕ್ಕ.”

“ಬೇಗ ಮುಗಿಸ್ಕೋ. ಮುಂದಿನ ಸೋಮವಾರದೊಳಗೆ ಆಗ್ಲಿಲ್ಲ ಅಂದ್ರೆ ಮೈಕು ತರಿಸ್ತೀನಿ. ನಮ್ಮ ಹುಡ್ಗ ಕೂಗ್ತಾನೆ.”

ಅವನ ಹುಡುಗನೆಂದರೆ ಮಲಗಿದ ಕೂಸೂ ಎಚ್ಚರವಾಗದ ಹಾಗೆ ಮಾತಾಡುವ ಅವನ ಅಳಿಯ. ಅವನ ಬಾಯಿಗೆ ಮೈಕು! ಒಮ್ಮೆ ಮೈಕು ಬಂತೆಂದರೆ ಆಮೇಲೆ ಈ ಊರಿನಲ್ಲಿ ಗಂಟಲು ಇರುವವನಿಗೂ ಇಲ್ಲದವನಿಗೂ ವ್ಯತ್ಯಾಸವೇನು?

ಮಧ್ಯಾಹ್ನವೇ ಸಂತ್ಯಾಗಪ್ಪನನ್ನು ಕಳಿಸಿದೆ. ಸಂಜೆಗೆ ಬಂದ, ಮುಖ ಇಳಿದಿತ್ತು. ಕಾಫಿ ಕೊಟ್ಟಿರಲಿಲ್ಲವಂತೆ.

“ನಿಮ್ಮಕ್ಕ ಏನಂದ್ರು ಅಂತ ತಿದ್ದಿ ಹೇಳ್ಲೋ, ಹಂಗೇ ಹೇಳ್ಲೋ?”

“ಹಂಗೇ ಹೇಳು.”

“‘ನಮ್ಮ ಸಭೇಲಿ ದಲ್ಲಾಳಿ ಇಲ್ಲ. ಕಾಲಿದ್ರೆ ಅವನೇ ಬರ್ಲಿ’ ಅಂದ್ರು.”

ಅಂತೋನಿಯಪ್ಪನ ಮುಂದೆ ಮೇಣದಬತ್ತಿ ಹಚ್ಚಿದೆ. ಯಾವ ಸಂತನಿಗಾಗಿ ಜಗಳವೋ ಅದೇ ಸಂತನ ಕೈಲಿ ರಾಜಿ ಮಾಡಿಸು ಎಂದು ಕೇಳುವುದಕ್ಕೆ ನನಗೇ ಒಂದು ತರಹ ಆಯಿತು. ಅವನು ಸವೆದ ಮೂಗಿನ ಮೇಲಿಂದ ನನ್ನನ್ನು ನೋಡುತ್ತ ನಿಂತಿದ್ದ. ಬತ್ತಿ ಪೂರ್ತಿ ಕರಗಿತು, ಕೆನ್ನೆಯದು ಕರಗಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಉಪಾಯಗಳ ಬಗ್ಗೆ ಫಿಲೋಮಿಯ ಅಭಿಪ್ರಾಯ ಇಲ್ಲಿ ಬೇಡ. ಅಕ್ಕನಿಗೆ ಬೇಕಾದದ್ದು ಅಂತೋನಿಯಪ್ಪ ತಾನೇ? ಹೊಸದನ್ನೇ ಕೊಡಿಸಿದರಾಯಿತು ಎಂದು ನಾಲ್ಕಡಿ ಎತ್ತರದ ಸಂತನನ್ನು ಕೊಂಡೆ. ಹೊಳೆಯುವ ಕಂದು ನಿಲುವಂಗಿ, ಕೆಂಪು ತುಟಿ, ತಲೆಯ ಸುತ್ತ ಚಿನ್ನದ ಬಣ್ಣದ ಬಳೆ. ಹೆಗಲ ಮೇಲೆ ಹೊತ್ತುಕೊಂಡು ಕೆಳಗಿನ ಸಭೆಯ ಬೀದಿಯುದ್ದಕ್ಕೂ ನಡೆದೆ. ಜಗುಲಿಗಳ ಮೇಲೆ ಕೂತಿದ್ದವರು ಎದ್ದು ನಿಂತರು. ಭಕ್ತಿಯಿಂದಲ್ಲ, ಚೆನ್ನಾಗಿ ಕಾಣಲಿ ಎಂದು.

ಬಾಗಿಲು ತೆಗೆದದ್ದು ಜೀವರತ್ನ ಭಾವ. ನೋಡಿದರೆ ಅವನದು ಎಡಗೆನ್ನೆ ಊದಿದೆ! ಅವರದು ಹುಳಿ ಬಂದ ರೊಟ್ಟಿಯಾದ್ದರಿಂದ ನಮ್ಮದಕ್ಕಿಂತ ದಪ್ಪವಾಗಿಯೇ ಊದಿತ್ತು.

“ಬಾ ಚೌಯಪ್ಪ, ಊತ ಆಯ್ತಾ?” ಎಂದ.

“ನಿಂಗೇನಾಯ್ತು ಭಾವ? ಯಾರ ಜೊತೆ?” ಎಂದು ನಾನೂ ಅದೇ ರಾಗದಲ್ಲಿ ಕೇಳಿದೆ. ನಾವಿಬ್ಬರೂ ಆಡಿದ್ದನ್ನು ಹಾಗೆಹಾಗೇ ಬರೆದರೆ ನಿಮಗೆ ಅರ್ಥವಾಗದು, ನೆಟ್ಟಗೆ ಮಾಡಿ ಬರೆಯುತ್ತೇನೆ.

“ಇನ್ಯಾರ ಜೊತೆ, ನಿಮ್ಮಕ್ಕನ ಜೊತೆ. ಆ ಮರದ ಸಂತನ್ನ ಮಲಗೋ ಕೋಣೇಲಿ ಇಟ್ಕೋತೀನಿ ಅಂದ್ಲು. ನಾನು ಸಭೆಯ ಹಿರಿಯ, ನನ್ನ ಮನೇಲಿ ವಿಗ್ರಹ ಬೇಡ ಅಂದೆ. ಅವಳು ಏನೂ ಅನ್ಲಿಲ್ಲ. ಅನ್ನದೇ ಇರೋದೇ ಅವಳ ಜಗಳ, ನಿನಗೆ ಗೊತ್ತಲ್ಲ.”

“ನನ್ನ ಹತ್ರ ಬಾಳಾನೇ ಅಂದ್ಲು.”

“ಪುಣ್ಯವಂತ.”

ಇಬ್ಬರೂ ಜಗುಲಿಯ ಮೇಲೆ ಕೂತೆವು. ನಡುವೆ ಹೊಸ ಸಂತ ನಿಂತಿದ್ದ. ಭಾವ ಅವನನ್ನು ನೇರ ನೋಡದೆ ಓರೆಗಣ್ಣಿನಲ್ಲಿ ನೋಡುತ್ತಿದ್ದ. ನಾನು ಕೆಣಕಿದೆ, “ನಿಮ್ಮದು ಬರೀ ನೆನಪಿಗೆ ತಿನ್ನೋ ರೊಟ್ಟಿ ಅಲ್ವಾ ಭಾವ? ನಮ್ಮದಾದ್ರೆ ಸಾಕ್ಷಾತ್ ಕರ್ತನ ದೇಹ, ಉಗುಳೋ ಹಂಗಿಲ್ಲ. ನಿಮ್ಮದಕ್ಕೇನು? ಬೆರಳು ಹಾಕಿ ತೆಗೆದು ಆಚೆ ಎಸಿ.”

ಭಾವ ಬೆರಳನ್ನು ಬಾಯಿಯವರೆಗೆ ತಂದ. ಅಲ್ಲೇ ನಿಲ್ಲಿಸಿದ. ಕೈ ಕೆಳಗಿಳಿಸಿದ.

“ಆಗಲ್ಲ ಕಣೋ.”

“ಯಾಕೆ? ರೊಟ್ಟಿ ತಾನೆ?”

“ರೊಟ್ಟೀನೇ. ಆದ್ರೂ ಆಗಲ್ಲ.” ಬೆರಳನ್ನು ಪಂಚೆಗೆ ಒರೆಸಿಕೊಂಡು, “ನಿಮ್ಮದು ದೇಹ ಅಂತೀರಿ, ನಮ್ಮದು ನೆನಪು ಅಂತೀವಿ. ಎರಡೂ ಇಳೀಲಿಲ್ವಲ್ಲೋ” ಎಂದ.

ಇಷ್ಟು ವರ್ಷಗಳಲ್ಲಿ ಅವತ್ತೇ ಮೊದಲು ನನಗೆ ಭಾವ ಸ್ವಲ್ಪ ಇಷ್ಟವಾದ. ಒಂದು ವೇಳೆ ನಮ್ಮಿಬ್ಬರದೇ ಏನಾದರೂ ಹಳೆಯದು ಉಳಿದಿದ್ದರೆ ಎಂದು ಕ್ಷಮೆಯನ್ನೂ ಕೇಳಿಕೊಂಡೆವು, ಅಪ್ಪಿಕೊಂಡೆವು. ನಾಲಿಗೆಯಿಂದ ತಡವಿ ನೋಡಿಕೊಂಡೆವು. ಎರಡೂ ಇದ್ದಲ್ಲೇ ಇದ್ದವು.

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಅವಳ ಕೆನ್ನೆ ಎರಡೂ ಕಡೆ ಚಪ್ಪಟೆ. ನನಗೆ ರೇಗಿಹೋಯಿತು.

“ನಿನಗೆ ಮಾತ್ರ ಹೆಂಗೆ ಇಳೀತು?”

“ನಾನು ತಗೊಳ್ಳಲೇ ಇಲ್ಲ. ಜಗಳ ಇದೆ ಅಂತ ಗೊತ್ತಿತ್ತು. ಬೆಂಚಿನ ಮೇಲೇ ಕೂತಿದ್ದೆ.”

“ಎಲ್ಲರ ಎದುರಿಗಾ?”

“ಹೂಂ. ಎಲ್ಲರ ಎದುರಿಗೇ.” ಆಮೇಲೆ ನಾನು ತಂದಿದ್ದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇವನ್ಯಾರೋ?”

“ಅಂತೋನಿಯಪ್ಪ.”

“ನನಗೆ ಇವನ ಪರಿಚಯ ಇಲ್ಲ” ಎಂದು ಒಳಗೆ ಹೋದಳು.

ಪರಿಚಯವಿಲ್ಲದ ಸಂತನನ್ನು ಮತ್ತೆ ಹೊತ್ತುಕೊಂಡು ಅದೇ ಬೀದಿಯಲ್ಲಿ ವಾಪಸ್ ಬಂದೆ. ಈ ಸಲ ಜಗುಲಿಗಳ ಮೇಲೆ ಜನ ಜಾಸ್ತಿ ಇದ್ದರು. “ಯಾಕಣ್ಣ, ಸೈಜು ಸರಿಹೋಗ್ಲಿಲ್ವಾ?” ಎಂದು ಯಾರೋ ಕೇಳಿದರು. ಬೈಯಲು ಬಾಯಿ ಖಾಲಿ ಇರಲಿಲ್ಲ.

ಆ ವಾರವೆಲ್ಲ ನಾನು ಗಂಜಿಯಲ್ಲೇ ಕಳೆದೆ. ಮಂಡಿಯಲ್ಲಿ ಕೈಸನ್ನೆಯಿಂದ ಹರಾಜು ಮಾಡಿದೆ, ನೋಡಿದವರು ಭರತನಾಟ್ಯ ಎಂದರು. ಶುಕ್ರವಾರ ಮೈಕಿನವನು ಬಂದು ಕಂಬದ ಎತ್ತರ ಅಳೆದುಕೊಂಡು ಹೋದ. ಆ ರಾತ್ರಿಯ ಊಟಕ್ಕೆ ಕೂತಾಗ ನಾನೇ ಸೋತು, “ಅಕ್ಕನ್ನ ಬರಹೇಳು. ಕೊಟ್ಟುಬಿಡ್ತೀನಿ” ಎಂದು ಫಿಲೋಮಿಗೆ ಹೇಳಿದೆ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಂದಳು. ನಾನು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಅಮ್ಮನ ಸಂತನನ್ನು ಹೊಸ ಟವೆಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದೆ. ಫಿಲೋಮಿ ಕಾಫಿ ತಂದುಕೊಟ್ಟು ಒಳಗೆ ಹೋದಳು. ಅಕ್ಕ ಒಂದು ಗುಟುಕು ಕುಡಿಯುವವರೆಗೂ ನಾನು ಕಾಯಲಿಲ್ಲ.

“ತಗೊಂಡು ಹೋಗು. ತಪ್ಪು ನನ್ನದೇ. ಆಯ್ತಲ್ಲ?” ಎಂದೆ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಹರಾಜು ಮುಗಿಸುವ ಹಾಗೇ ಹೇಳಿದೆ. ಹೇಳಿ ನಾಲಿಗೆಯನ್ನು ಕೆನ್ನೆಗೆ ಹಾಕಿ ನೋಡಿಕೊಂಡೆ.

ಅಕ್ಕ ನನ್ನ ಕೆನ್ನೆಯನ್ನೇ ನೋಡುತ್ತಿದ್ದಳು. “ಇಳೀತಾ?”

“ಇಲ್ಲ.”

“ಹೂಂ.” ಅವಳು ಲೋಟ ಕೆಳಗಿಟ್ಟಳು. “ಯಾಕೆ ಬೇಕು ಅಂತ ಕೇಳ್ದಲ್ಲ ಅವತ್ತು. ಕೂಗಾಡ್ತಾ ಕೇಳ್ದೆ, ಅದಕ್ಕೆ ಹೇಳ್ಲಿಲ್ಲ. ಈಗ ಕೂಗೋಕಾಗಲ್ಲ ನಿನಗೆ, ಕೇಳ್ಕೋ. ಕಡೇಗಾಲದಲ್ಲಿ ಅಮ್ಮಂಗೆ ನಮ್ಮ ಯಾರ ಗುರುತೂ ಸಿಗ್ತಿರಲಿಲ್ಲ, ಗೊತ್ತಲ್ಲ. ನಾನು ದಿನಾ ಬೆಳಿಗ್ಗೆ ಬಂದು ಸ್ನಾನ ಮಾಡಿಸಿ, ಇಲ್ಲೇ ಕೂರಿಸಿ ತಲೆ ಬಾಚ್ತಿದ್ದೆ. ಅವಳು ಅವನ ಜೊತೆ ಮಾತಾಡೋಳು. ಏನಂತ ಗೊತ್ತಾ? ‘ನನ್ನ ದೊಡ್ಡಮಗಳು ಕಳೆದುಹೋಗಿದ್ದಾಳೆ ಅಂತೋನಿ, ನೀನು ಎಲ್ಲರದನ್ನೂ ಹುಡುಕಿಕೊಡ್ತೀಯ, ಅವಳನ್ನ ಹುಡುಕಿಕೊಡು’ ಅಂತ. ದಿನಾ. ನನ್ನ ಕೈಯಲ್ಲಿ ಬಾಚಣಿಗೆ ಇರೋದು, ಅವಳ ಜುಟ್ಟು ಇರೋದು.”

ನಾನು ಮೇಜಿನ ಮೇಲಿನ ಟವೆಲನ್ನು ಸರಿಮಾಡಿದೆ.

“ನಾನು ಅವನಿಗೆ ಕೈ ಮುಗಿಯಲ್ಲ ಚೌರ. ಬತ್ತಿನೂ ಹಚ್ಚಲ್ಲ. ಅವಳು ಸಾಯೋ ತನಕ ನನ್ನ ಹುಡುಕು ಅಂತ ಅವನಿಗೆ ಹೇಳಿ ಹೋದ್ಲು. ಅವನ ಕಣ್ಣಿಗೆ ನಾನು ಬೀಳಬೇಕು, ಅಷ್ಟೇ. ಇಕೋ, ಇಲ್ಲೇ ಇದೀನಿ ಅಂತ.”

ಇಂಥ ಮಾತಿಗೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ, ರೊಟ್ಟಿ ಇದ್ದರೂ ಸರಿ. “ಅಮ್ಮ ಹೇಳಿದ್ರಲ್ಲಿ ತಪ್ಪೇನಿದೆ?” ಎಂದುಬಿಟ್ಟೆ. “ಮೇಲಿನ ಗುಡಿ ಬಿಟ್ಟವಳು ಕಳೆದುಹೋದಂಗೇ ಅಲ್ವಾ? ನಾಳೆ ಬೆಳಿಗ್ಗೆ ನಮ್ಮ ಜೊತೆ ಪೂಜೆಗೆ ಬಾ. ಸಿಕ್ಕಿದಂಗೂ ಆಯ್ತು, ಸಂತನ್ನ ಕೊಟ್ಟಂಗೂ ಆಯ್ತು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು.

ಅಕ್ಕ ಕೋಪಿಸಿಕೊಳ್ಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. “ಒಂದು ಕೇಳ್ತೀನಿ, ನಿಜ ಹೇಳು. ಈಗ ತಪ್ಪು ನನ್ನದು ಅಂದ್ಯಲ್ಲ, ಅದು ನನಗೋಸ್ಕರಾನೋ, ನಿನ್ನ ಗಂಟಲಿಗೋಸ್ಕರಾನೋ?”

ನಾನು ಒರಟನಿರಬಹುದು, ಸುಳ್ಳುಗಾರನಲ್ಲ. “ಗಂಟಲಿಗೆ” ಎಂದೆ. “ಸೋಮವಾರ ಮೈಕು ಬರುತ್ತೆ.”

ಅವಳು ನಕ್ಕಳು. ಚಿಕ್ಕಂದಿನಲ್ಲಿ ನಾನು ಚಡ್ಡಿ ಹರಿದುಕೊಂಡು ಬಂದರೆ ನಗುತ್ತಿದ್ದಳಲ್ಲ, ಅಂಥದೇ ನಗು. ಎದ್ದು ಟವೆಲು ಬಿಚ್ಚಿ ಸಂತನನ್ನು ಹೊರಗೆ ತೆಗೆದಳು. ಸೆರಗಿನ ತುದಿಯಿಂದ ಅವನ ಮುಖ ಒರೆಸಿದಳು. ಅವನನ್ನು ಹಲಗೆಯ ಮೇಲೆ ಇದ್ದ ಜಾಗದಲ್ಲೇ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಅವನ ಎದುರು ನೆಟ್ಟಗೆ ನಿಂತಳು. ಕೈ ಮಾತ್ರ ಮುಗಿಯಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿದಳು.

“ಹೋಗ್ತೀನಿ” ಎಂದಳು.

ನಮ್ಮಲ್ಲಿ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. ಪಕ್ಕದ ಬೀದಿಗೆ ಹೋಗುವಾಗಲೂ “ಬರ್ತೀನಿ” ಎನ್ನುತ್ತೇವೆ. ಬಾಯಿ ತಪ್ಪಿ ಹೋಗ್ತೀನಿ ಎಂದವರಿಗೆ ಅಮ್ಮ, “ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನು” ಎಂದು ಬಾಗಿಲಲ್ಲೇ ನಿಲ್ಲಿಸಿ ಹೇಳಿಸುತ್ತಿದ್ದಳು. ಅಕ್ಕನದು ಬಾಯಿ ತಪ್ಪಿದ್ದಲ್ಲ.

ಫಿಲೋಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ದಿನಾ ತಲೆ ಬಾಚಿದೋಳು ಅವಳು. ನೀವು ಮಂಡೀಲಿರ್ತಿದ್ರಿ” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ನಾನು ಅಂತೋನಿಯಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ತೆರೆದ ಬಾಗಿಲನ್ನು ನೋಡುತ್ತಿದ್ದ. ಹಲಗೆ ಇರುವುದೇ ಬಾಗಿಲಿನ ಎದುರಿಗೆ, ಅವನು ಯಾವಾಗಲೂ ನೋಡುವುದು ಅದನ್ನೇ, ಅದರಲ್ಲೇನೂ ವಿಶೇಷವಿಲ್ಲ. ಆದರೂ ನನಗೆ ಕೂರಲಾಗಲಿಲ್ಲ. ಅವನನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಿನಲ್ಲೇ ಬೀದಿಗೆ ಓಡಿದೆ. ಅಕ್ಕ ಆಗಲೇ ಬಾವಿಕಟ್ಟೆ ದಾಟಿದ್ದಳು.

“ಅಕ್ಕಾ!”

ಇಡೀ ಬೀದಿ ತಿರುಗಿತು. ಸೈಕಲ್ಲಿನವನು ಬ್ರೇಕು ಹಾಕಿದ. ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡಿದ್ದ ಸಂತ್ಯಾಗಪ್ಪ ಯಾರದೋ ಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಆ ಕೂಗು ಮೇಲಿನ ಗುಡಿಯ ಗೋಡೆಗೆ ಬಡಿದು ಕೆಳಗಿನ ಸಭೆಯ ಗೋಡೆಗೆ ಬಡಿದು ನನಗೇ ವಾಪಸ್ ಕೇಳಿಸಿತು. ಆಗಲೇ ನನಗೆ ಗೊತ್ತಾದದ್ದು, ನನ್ನ ಬಾಯಿ ಖಾಲಿಯಾಗಿತ್ತು. ರೊಟ್ಟಿ ಯಾವಾಗ ಇಳಿಯಿತೋ ನನಗೆ ತಿಳಿಯದು. ಇಳಿದದ್ದರಿಂದ ಕೂಗಿದೆನೋ, ಕೂಗಿದ್ದರಿಂದ ಇಳಿಯಿತೋ, ಅದೂ ತಿಳಿಯದು.

“ಯಾವ ಮಾಲಣ್ಣಾ?” ಎಂದು ಜಗುಲಿಯಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಇನ್ನೊಂದು ಸಲ ಕೂಗಿದೆ. ಮತ್ತೊಂದು ಸಲವೂ ಕೂಗಿದೆ. ಅಕ್ಕ ತಿರುಗಲಿಲ್ಲ, ಹೆಜ್ಜೆಯನ್ನು ಜೋರು ಮಾಡಲೂ ಇಲ್ಲ. ಮೂಲೆಯ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಂಡಳು. ಇಡೀ ಊರಿಗೆ ಕೇಳಿಸಿದ ನನ್ನ ಗಂಟಲು ಅವಳೊಬ್ಬಳಿಗೆ ಕೇಳಿಸಲಿಲ್ಲವೆಂದರೆ ನಾನು ನಂಬುವುದಿಲ್ಲ. ಸಂತನನ್ನು ಮರುದಿನವೇ ಭಾವನ ಕೈಗೆ ಕೊಟ್ಟೆ, ಈ ಸಲ ಅವನು ಬೇಡ ಎನ್ನಲಿಲ್ಲ, ಅವಳು ಸಂತನನ್ನು ಒಳಗೆ ತೆಗೆದುಕೊಂಡಿದ್ದಾಳಂತೆ. ಆದರೆ ಅವತ್ತು ಪಟ್ಟಿ ಸರಿಮಾಡಿಕೊಂಡು ಆ ಮೂಲೆಯಲ್ಲಿ ತಿರುಗಿ ಹೋದವಳು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ.